ದಾಳಿಂಬೆ ಕೆಂಪಿನ ಗೋಡೆ

ಬೇಳೆಗೆ ಉಪ್ಪು ಕಡಿಮೆಯಾಗಿತ್ತು. ಇಷ್ಟೇ ವಿಷಯ. ಬೇರೆ ಮನೆಯಾಗಿದ್ದರೆ ಡಬ್ಬಿ ಎಳೆದುಕೊಂಡು ಒಂದು ಚಿಟಿಕೆ ಉದುರಿಸಿಕೊಂಡು ಊಟ ಮುಗಿಸುತ್ತಿದ್ದರು. ಈ ಮನೆಯಲ್ಲಿ ಕುಕ್ಕರಿನ ಮುಚ್ಚಳ ಹಾರಿತು.

ಸೊಸೆ ಮುಖಕ್ಕೆ ಕೈ ಅಡ್ಡ ಹಿಡಿದಳು. ಮುಚ್ಚಳ ಅವಳ ಬಲಗೈಯ ನಡುಬೆರಳಿಗೆ ಬಡಿದು, ಅಲ್ಲಿಂದ ನಡುಗೋಡೆಗೆ ತಾಗಿ, ಒಂದು ಚಕ್ಕೆ ಗಾರೆ ಕಿತ್ತುಕೊಂಡು, ನೆಲದ ಮೇಲೆ ಗಿರಗಿರ ತಿರುಗಿ ನಿಂತಿತು.

"ಬೆರಳು ರೀ..." ಎಂದಳು ಸೊಸೆ.

"ಬೆರಳಂತೆ ಬೆರಳು! ನಾನು ಎಸೆದದ್ದು ಗೋಡೆಗೆ. ನೀನ್ಯಾಕೆ ಅಡ್ಡ ಬಂದೆ?"

ಇದು ಅವಳ ಗಂಡನ ನ್ಯಾಯ. ಅಂಗಡಿಗಳಿಗೆ ಸುತ್ತುವ ಬಾಗಿಲು ಮಾಡಿ ಕೂರಿಸುವುದು ಅವನ ಕೆಲಸ. ಊರೆಲ್ಲ ಶಟರ್ ಮೇಸ್ತ್ರಿ ಎಂದು ಕರೆಯುತ್ತಿತ್ತು. ಬೀದಿಯಲ್ಲಿ ಅವನಷ್ಟು ನಗುಮುಖದವನು ಇನ್ನೊಬ್ಬನಿಲ್ಲ. ಸಿಕ್ಕವರಿಗೆಲ್ಲ ಚಹಾ, ಬಾಯ್ತುಂಬ ಮಾತು. ಮನೆಯ ಹೊಸ್ತಿಲು ದಾಟಿದನೋ, ಮುಖದ ಶಟರ್ ದಡದಡನೆ ಕೆಳಗಿಳಿಯುತ್ತಿತ್ತು.

ಎದುರಿಗೆ ಕೂತಿದ್ದ ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕುಳ್ಳಗಿನ ಮುದುಕಿ. ನಿಂತರೆ ಸೊಸೆಯ ಭುಜಕ್ಕೆ ಬರುತ್ತಿದ್ದಳು. ಕೂತರೆ ಮೇಜಿನ ಮೇಲೆ ತಲೆ ಮಾತ್ರ ಕಾಣುತ್ತಿತ್ತು.

"ಈ ಮನೆ ಮಾರ್ತೀನಿ," ಎಂದಳು.

ಮೇಸ್ತ್ರಿ ನಕ್ಕ. "ಮಾರು, ಯಾರು ಬೇಡ ಅಂದ್ರು? ನಿನ್ನ ಹೆಸರಲ್ಲೇ ಇದೆಯಲ್ಲ. ನನ್ನ ಪಾಲು ಬಿಸಾಕು, ಸ್ವಂತ ಶೆಡ್ ಹಾಕ್ಕೋತೀನಿ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ."

"ನಿನ್ನ ಪಾಲು ನಿನಗೆ ಕೊಡ್ತೀನಿ ಕಣಪ್ಪ."

"ಹಾಗಾದ್ರೆ ಸರಿ," ಎಂದು ಅವನು ತನ್ನ ತಟ್ಟೆಗೆ ಉಪ್ಪು ಹಾಕಿಕೊಂಡು ಊಟ ಮುಂದುವರಿಸಿದ. ಉಪ್ಪಿನ ಡಬ್ಬಿ ಅವನ ಮೊಣಕೈ ಹತ್ತಿರವೇ ಇತ್ತು.

ಸೊಸೆಯನ್ನು ಆಸ್ಪತ್ರೆಗೆ ಅವಳ ಮಗಳು ಕರೆದುಕೊಂಡು ಹೋದಳು. ಅವಳು ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಗಿರಾಕಿ ಕೇಳಿದ ಬಣ್ಣವನ್ನು ಯಂತ್ರದಲ್ಲಿ ಬೆರೆಸಿ ಕೊಡುವ ಕೆಲಸ. ಉಗುರಿನ ಸಂದಿಯಲ್ಲಿ ದಿನಕ್ಕೊಂದು ಬಣ್ಣ. ಅದಕ್ಕೇ ಅಜ್ಜಿ ಅವಳನ್ನು ಕರೆಯುವುದು ಡಬ್ಬಿ ಎಂದು.

"ಏನು ಬಡೀತು?" ಎಂದು ಡಾಕ್ಟರು ಕೇಳಿದರು.

"ಬಾಗಿಲು," ಎಂದಳು ಸೊಸೆ. ಅದು ಬಾಯಿಪಾಠ.

"ಆ ಬಾಗಿಲಿಗೆ ಕುಡಿಯೋದಕ್ಕೆ ಬಿಸಿನೀರು ಬೇಕು, ಇಸ್ತ್ರಿ ಮಾಡಿದ ಅಂಗಿ ಬೇಕು," ಎಂದಳು ಮಗಳು. ಸೊಸೆ ಸರಿಯಿದ್ದ ಕೈಯಿಂದ ಅವಳ ತೊಡೆ ಚಿವುಟಿದಳು.

ಶಾಲೆಮಕ್ಕಳ ಸಮವಸ್ತ್ರದ ಕಾಲರ್ ಹೊಲಿಯುವವಳಿಗೆ ಬಲಗೈ ನಡುಬೆರಳಿಗೆ ಪಟ್ಟಿ ಕಟ್ಟಿದರೆ ಏನು ಗತಿ? ಮನೆಗೆ ಬಂದ ಸೊಸೆ ಹೊಲಿಗೆಯಂತ್ರದ ಮೇಲೆ ಬಟ್ಟೆ ಮುಚ್ಚಿದಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಕೆಲಸಕ್ಕೆ ಹೋದ ಮೇಲೆ ಆ ಮನೆಯ ಹೆಂಗಸರ ಮಾಮೂಲಿ ಕೆಲಸ ಶುರುವಾಯಿತು. ಹಾಲಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಇಟ್ಟಿಗೆಯ ಗೋಡೆಯಲ್ಲ. ಮರದ ಪಟ್ಟಿ ಹೊಡೆದು ಅದರ ಮೇಲೆ ಗಾರೆ ಮೆತ್ತಿದ ಹಳೆಯ ಕಾಲದ ಅಡ್ಡಗೋಡೆ. ಸಿಟ್ಟಿನ ಕೈಗೆ ಸುಲಭವಾಗಿ ಬಗ್ಗುವಂಥದ್ದು. ರಾತ್ರಿ ಏನೇ ಆಗಲಿ, ಬೆಳಿಗ್ಗೆ ಚಹಾ ಕುಡಿದು ಅತ್ತೆ ಮೆಟ್ಟಿಲ ಕೆಳಗಿನಿಂದ ಗೋಡೆಯ ತೂತು ಮೆತ್ತುವ ಪುಟ್ಟಿಯ ಡಬ್ಬ ತರುತ್ತಿದ್ದಳು. ಸೊಸೆ ಒಂದು ನೆಗ್ಗಿದ ಬಟ್ಟಲಲ್ಲಿ ಅದನ್ನು ಕಲಸುತ್ತಿದ್ದಳು. ಅತ್ತೆ ಅಗಲ ಚಾಕುವಿನಿಂದ ಕುಳಿಗೆ ತುಂಬಿ ನೀವುತ್ತಿದ್ದಳು. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಮೇಲೆ ಒಂದಿಷ್ಟು ಕೆನೆಬಣ್ಣದ ಡಿಸ್ಟೆಂಪರ್. ಸಂಜೆ ಅವನು ಬರುವಷ್ಟರಲ್ಲಿ ಗೋಡೆ ಹೊಚ್ಚಹೊಸದು. ಅವನು ಒಂದು ದಿನವಾದರೂ "ನಿನ್ನೆ ಇಲ್ಲಿ ತೂತಿತ್ತಲ್ಲ" ಎಂದು ಕೇಳಿದವನಲ್ಲ. ಇವರೂ ಹೇಳಿದವರಲ್ಲ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ, ಆ ಗೋಡೆಯ ಮೇಲೆ ಏನಾದರೂ ಇದೆ ಎಂಬುದು ಅವರಿಗೇ ಮರೆತುಹೋಗಿತ್ತು.

"ನಿಮ್ಮ ಮಾವ ಹೀಗಿರಲಿಲ್ಲಮ್ಮಾ," ಎಂದು ಅತ್ತೆ ಅಂದೂ ಹೇಳಿದಳು. "ಹಸುವಿನಂಥ ಮನುಷ್ಯ. ಇವನಿಗೆ ಎಲ್ಲಿಂದ ಬಂತೋ ಈ ಬುದ್ಧಿ."

ಸೊಸೆ ಈ ಮಾತನ್ನು ಮದುವೆಯಾದಂದಿನಿಂದ ಕೇಳುತ್ತಿದ್ದಳು. ಅತ್ತೆ ಚುರುಕಾಗಿದ್ದ ಕಾಲದಲ್ಲಿ ಅದರ ಜೊತೆಗೆ ಇನ್ನೊಂದು ಮಾತೂ ಇರುತ್ತಿತ್ತು: "ಮದುವೆಗೆ ಮುಂಚೆ ನನ್ನ ಮಗ ಒಂದು ಲೋಟ ಎಸೆದವನಲ್ಲ." ಅಪ್ಪ ಹಸು, ಅಮ್ಮ ಸಾಧು. ಹಾಗಾದರೆ ಈ ಮನೆಗೆ ಸಿಟ್ಟು ತಂದವಳು ಯಾರು? ಸೊಸೆ ಲೆಕ್ಕ ಹಾಕಿ ಹಾಕಿ ಕೊನೆಗೆ ತನ್ನ ಹತ್ತಿರವೇ ಬಂದು ನಿಲ್ಲುತ್ತಿದ್ದಳು. ತನ್ನ ನಡೆ, ತನ್ನ ಮಾತು, ತನ್ನ ಕೈಯ ಉಪ್ಪು. ಈಗ ಅತ್ತೆ ಬದಲಾಗಿದ್ದಳು, ಆದರೆ ಆ ಲೆಕ್ಕ ಬದಲಾಗಿರಲಿಲ್ಲ.

"ಕೇಳಿಲ್ಲಿ," ಎಂದಳು ಅತ್ತೆ, ಚಾಕು ಒರೆಸುತ್ತ. "ಮನೆ ಮಾರಿದ ಮೇಲೆ ಎರಡು ಕೋಣೆಯದ್ದೊಂದು ಸಣ್ಣ ಮನೆ ತಗೋತೀನಿ. ನಾನು, ಡಬ್ಬಿ, ನೀನು."

"ನಾನಾ?"

"ಮತ್ತೆ? ಅವನ ಜೊತೆ ಶೆಡ್ಡಿಗೆ ಹೋಗ್ತೀಯಾ, ಬಡಿಸಿಕೊಳ್ಳೋದಕ್ಕೆ?"

"ಅವರು ಬಿಡ್ತಾರಾ ಅತ್ತೆ?"

"ಗೊತ್ತಾದ್ರೆ ತಾನೇ ಬಿಡೋ ಮಾತು? ಮಾರಾಟ ಆಗೋವರೆಗೂ ಬಾಯಿಗೆ ಬೀಗ. ನೀನು ಅವನ ಜೊತೆಗೇ ಇರ್ತೀಯ ಅಂತ್ಲೇ ಅವನು ತಿಳ್ಕೊಂಡಿರಲಿ."

ಸೊಸೆಗೆ ಆ ದಿನವೆಲ್ಲ ಎರಡು ಕೋಣೆಯದ್ದೇ ಜಪ. ಕಿಟಕಿಯ ಪಕ್ಕ ಹೊಲಿಗೆಯಂತ್ರ. ಸಂಜೆ ಗೇಟಿನ ಸದ್ದಾದರೆ ಎದೆ ಧಸಕ್ಕೆನ್ನದ ಮನೆ. ಮನೆ ಮಾರಾಟವಾದರೆ ಅವಳಿಗೆ ಅದಿಷ್ಟೂ ಉಂಟು. ಆಗದಿದ್ದರೆ, ಇವತ್ತು ಬೆರಳು, ನಾಳೆ ಇನ್ನೇನೋ.

ಆದರೆ ಮನೆ ಮಾರಾಟವಾಗಬೇಕಲ್ಲ!

ದಲ್ಲಾಳಿ ಒಬ್ಬ ಸಿಕ್ಕಿದ. ಏನು ಹೇಳಿದರೂ "ಆಯ್ತಾಯ್ತು" ಎನ್ನುವವನು. ಮಗಳು ಅವನಿಗೆ ಅದೇ ಹೆಸರಿಟ್ಟಳು. ಆಯ್ತಾಯ್ತು ಜನರನ್ನು ಕರೆತಂದ. ಬಂದವರು ನಲ್ಲಿ ತಿರುಗಿಸಿ ನೋಡಿದರು, ಸಂಡಾಸಿಗೆ ಇಣುಕಿದರು, "ಹೇಳ್ತೀವಿ" ಎಂದು ಹೋದರು. ಯಾರೂ ಏನೂ ಹೇಳಿ ಕಳಿಸಲಿಲ್ಲ.

"ಹೇಗೆ ಹೇಳ್ತಾರೆ?" ಎಂದಳು ಮಗಳು ಒಂದು ಭಾನುವಾರ, ಮೊಟ್ಟೆ ಸುಲಿಯುತ್ತ. "ಊರಲ್ಲಿ ಮಾರೋ ಮನೆಗಳೆಲ್ಲ ಕೆನೆಬಣ್ಣ. ನಮ್ಮದೂ ಕೆನೆ. ಗೇಟು ದಾಟೋದ್ರೊಳಗೆ ಮರೆತುಬಿಡ್ತಾರೆ. ಒಂದು ಗೋಡೆ, ಒಂದೇ ಒಂದು ಗೋಡೆ, ಕಣ್ಣಿಗೆ ಹೊಡೆಯೋ ಹಾಗೆ ಬಳೀಬೇಕು. ಮನೆಗೆ ಹೋಗಿ ಊಟಕ್ಕೆ ಕೂತಾಗ್ಲೂ ಅದೇ ನೆನಪಾಗ್ಬೇಕು."

"ಯಾವ ಬಣ್ಣ?"

"ಕಡು ನೀಲಿ?"

"ಬೇಡಮ್ಮಾ," ಎಂದಳು ಸೊಸೆ ತನ್ನ ತೋಳು ನೋಡಿಕೊಂಡು. "ನೀಲಿ ನೋಡಿ ಸಾಕಾಗಿದೆ."

ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಜ್ಜಿ ಮಾತ್ರ ಕೆಮ್ಮು ಬರುವ ತನಕ ನಕ್ಕಳು.

ಕೊನೆಗೆ ಗೊತ್ತಾದದ್ದು ದಾಳಿಂಬೆ ಕೆಂಪು. ಮಗಳು ಅಂಗಡಿಯಲ್ಲಿ ತಾನೇ ಬೆರೆಸಿ ತಂದಳು. ಸುಮ್ಮನೆ ಕೆಂಪಲ್ಲ, ಕನ್ನಡಿಯ ಹಾಗೆ ಹೊಳೆಯುವ ಕೆಂಪು. "ಮಂಕು ಬಣ್ಣ ಬಡವರ ಮನೆ ಥರ ಕಾಣತ್ತೆ, ಹೊಳೆದ್ರೆ ಶ್ರೀಮಂತಿಕೆ," ಎಂದಳು. ಹಾಲಿನ ಪಡುವಣ ಕಿಟಕಿಗೆ ಅಡ್ಡವಾಗಿ ನಿಂತಿದ್ದ ದೊಡ್ಡ ಬೀರುವನ್ನು ಮೂವರೂ ಸೇರಿ ಕೋಣೆಗೆ ತಳ್ಳಿದರು. ಒಂದೇ ದಿನದಲ್ಲಿ ನಡುಗೋಡೆ ಕೆಂಪಾಯಿತು. ಎಡಗೈಯಲ್ಲಿ ರೋಲರ್ ಹಿಡಿದ ಸೊಸೆಯ ಮೂಗಿನ ಮೇಲೂ ಕೆಂಪು, ಅತ್ತೆಯ ಬಿಳಿಕೂದಲಲ್ಲೂ ಕೆಂಪು. ಮುಂದೆ ಒಂದು ಸಣ್ಣ ಮೇಜು, ಅದರ ಮೇಲೆ ಗಾಜಿನ ಹೂದಾನಿ, ಹೂದಾನಿಯಲ್ಲಿ ನಾಲ್ಕು ಹಸಿರು ಕಡ್ಡಿ. ಹೀಗೂ ಇರಬಹುದಿತ್ತಲ್ಲ ಈ ಮನೆ ಎಂದುಕೊಂಡಳು ಸೊಸೆ.

ಮೇಸ್ತ್ರಿ ಬಂದು ಬಾಗಿಲಲ್ಲೇ ನಿಂತ.

"ಇದೇನಿದು, ಕಸಾಯಿಖಾನೆ ಮಾಡಿಟ್ಟಿದ್ದೀರಾ?"

"ಮನೆ ಬೇಗ ಹೋಗತ್ತೆ ಅಪ್ಪ," ಎಂದಳು ಮಗಳು. "ನಿನ್ನ ಶೆಡ್ ಬೇಗ ಏಳತ್ತೆ."

ಶೆಡ್ ಎಂದದ್ದೇ ತಡ, ಅವನು ಮೇಲೆತ್ತಿದ್ದ ಕೈ ಕೆಳಗಿಳಿಯಿತು. "ಹೋಗದಿದ್ರೆ ಈ ಗೋಡೇನ ನಿಮ್ಮ ಮೂವರ ಹತ್ರ ನೆಕ್ಕಿಸ್ತೀನಿ," ಎಂದು ಹೇಳಿ ಊಟಕ್ಕೆ ಕೂತ.

ಮಗಳ ಮಾತು ಸುಳ್ಳಾಗಲಿಲ್ಲ. ಬಂದವರು ಬಾಗಿಲಲ್ಲೇ "ಅಬ್ಬಾ!" ಎನ್ನತೊಡಗಿದರು. ಕೆಲವರಿಗೆ ಕಣ್ಣು ಕುಕ್ಕಿತು, ಕೆಲವರಿಗೆ ಮನಸ್ಸು ತುಂಬಿತು, ಮರೆತವರು ಮಾತ್ರ ಯಾರೂ ಇಲ್ಲ. ಊರಲ್ಲಿ ಅದಕ್ಕೆ ಕೆಂಪು ಗೋಡೆ ಮನೆ ಎಂದೇ ಹೆಸರಾಯಿತು. ಒಬ್ಬ ಬೇಕರಿಯವನೂ ಅವನ ಹೆಂಡತಿಯೂ ಬೆಳಗಿನ ಹೊತ್ತು ಬಂದು, ಹಾಲಿನ ತುಂಬ ಓಡಾಡಿ, ಇನ್ನೊಮ್ಮೆ ಬಂದು ಮಾತು ಮುಗಿಸುತ್ತೇವೆ ಎಂದು ಹೋದರು. ಬೇಕರಿಯವಳು ಹೋಗುವಾಗ ಹಿಂತಿರುಗಿ ಗೋಡೆಯನ್ನೊಮ್ಮೆ ನೋಡಿದ್ದನ್ನು ಸೊಸೆ ಗಮನಿಸಿದಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಎಲ್ಲ ಕೆಡಿಸಿದವನು ಆಯ್ತಾಯ್ತು. ಮೇಸ್ತ್ರಿ ಬೀದಿಯಲ್ಲಿ ಸಿಕ್ಕಿ ಚಹಾ ಕುಡಿಸಿದನಂತೆ. ಚಹಾ ಒಳಗೆ ಹೋದದ್ದೇ ಗುಟ್ಟು ಹೊರಗೆ ಬಂತು. "ಅಜ್ಜಿಗೂ ನಿಮ್ಮ ಮನೆಯವರಿಗೂ ಮಗಳಿಗೂ ಒಳ್ಳೇ ಎರಡು ಕೋಣೆ ಮನೆ ನೋಡಿಟ್ಟಿದ್ದೀನಿ ಮೇಸ್ತ್ರೀ, ನೀವೇನೂ ಯೋಚನೆ ಮಾಡ್ಬೇಡಿ."

ಮೇಸ್ತ್ರಿ ಮನೆಗೆ ಬಂದಾಗ ಮೂವರೂ ಊಟಕ್ಕೆ ಕೂತಿದ್ದರು. ಅವನು ಚಪ್ಪಲಿ ಬಿಡಲಿಲ್ಲ.

"ನಾನು ಎಲ್ಲಿ ಊಟ ಮಾಡ್ಬೇಕು ಅಂತ ತೀರ್ಮಾನ ಮಾಡಿದ್ದೀರಿ?"

"ಕೂತ್ಕೋ, ಬಡಿಸ್ತಾಳೆ," ಎಂದಳು ಅತ್ತೆ.

"ಇವತ್ತಲ್ಲ. ಮನೆ ಮಾರಿದ ಮೇಲೆ. ನನಗೆ ಅಡುಗೆ ಮಾಡೋರು ಯಾರು? ಶೆಡ್ಡಿನ ಗೋಡೆನಾ?"

ಸೊಸೆಯ ಕೈಯಲ್ಲಿದ್ದ ಸೌಟು ಅನ್ನದ ಮೇಲೆ ಹಾಗೇ ನಿಂತಿತು. ಅವನು ಮೇಜಿನ ಅಂಚು ಹಿಡಿದು ಒಂದೇ ಸಲಕ್ಕೆ ಎತ್ತಿ ಮಗುಚಿದ. ಅನ್ನ, ಬೇಳೆ, ತಟ್ಟೆ, ಲೋಟ ಎಲ್ಲ ಅತ್ತೆಯ ಮಡಿಲಿಗೆ. ಸೊಸೆಯ ಕೂದಲು ಅವನ ಮುಷ್ಟಿಗೆ ಸಿಕ್ಕಿತು. ಅಲ್ಲಿಂದ ಹಿತ್ತಲ ಬಾಗಿಲವರೆಗೆ ಎಳೆದುಕೊಂಡು ಹೋದ. ಅವಳ ಹಿಮ್ಮಡಿ ಬೇಳೆಯ ಮೇಲೆ ಜಾರಿ ನೆಲದ ಮೇಲೆ ಉದ್ದಕ್ಕೆ ಗೀಟೆಳೆಯಿತು.

"ಬಿಟ್ಟು ಹೋಗ್ತೀಯಾ? ನನ್ನನ್ನ? ಹೇಳು, ಹೋಗ್ತೀಯಾ?"

"ಅಪ್ಪ, ಬಿಡು!" ಮಗಳು ಅವನ ತೋಳಿಗೆ ಜೋತುಬಿದ್ದಳು. ಅವನು ಕೈ ಬೀಸಿದ. ಅವಳ ತುಟಿ ಒಡೆಯಿತು. ಅಲ್ಲಿಯವರೆಗೆ ಅವನು ಮಗಳ ಮೇಲೆ ಕೈ ಮಾಡಿದವನಲ್ಲ. ತಾನೇ ಒಂದು ಗಳಿಗೆ ತನ್ನ ಕೈ ನೋಡಿಕೊಂಡ. ಆಮೇಲೆ, "ನೋಡಿ, ನನ್ನ ಕೈಲಿ ಏನೆಲ್ಲ ಮಾಡಿಸ್ತೀರಿ," ಎಂದು ಹೊರಗೆ ಹೋದ.

ಮೂವರೂ ನೆಲದಿಂದ ಅನ್ನ ಬಳಿದರು. ಮಗಳು ತುಟಿಗೆ ಬಟ್ಟೆ ಒತ್ತಿಕೊಂಡಿದ್ದಳು. ಸೊಸೆ ಅವಳ ಮುಖ ನೋಡಿದಳು. ತನಗೆ ಬಿದ್ದ ಯಾವ ಪೆಟ್ಟಿಗೂ ಅವಳಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

"ಈ ಮನೆ ಮಾರಲೇಬೇಕು ಅತ್ತೆ," ಎಂದಳು. "ಹೇಗಾದ್ರೂ ಸರಿ."

ಬೇಕರಿಯವರು ಬಂದದ್ದು ಅದೇ ವಾರ, ಸಂಜೆ. ಆ ವಾರ ಬೆಳಿಗ್ಗೆ ಅವರಿಗೆ ಒಲೆಯ ಕೆಲಸ ಜಾಸ್ತಿಯಂತೆ. ಆಯ್ತಾಯ್ತು ಮುಂದೆ, ಅವರಿಬ್ಬರು ಹಿಂದೆ. ಮೇಸ್ತ್ರಿ ಅಂದು ಬೇಕೆಂದೇ ಕೆಲಸ ಬಿಟ್ಟು ಮನೆಯಲ್ಲೇ ಇದ್ದ. ಬಾಗಿಲಿಗೆ ಒರಗಿ ಬೆಂಕಿಕಡ್ಡಿಯಿಂದ ಕಿವಿ ಕೆದಕುತ್ತಿದ್ದ.

ಸೊಸೆ ಚಹಾದ ತಟ್ಟೆ ಹಿಡಿದು ಹಾಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಬಣ್ಣ ಬಳಿದಂದಿನಿಂದ ಸಂಜೆಗಳೆಲ್ಲ ಮೋಡ ಕವಿದಿದ್ದವು. ಅಂದು ಮೊದಲ ಸಲ ಬೀರು ತೆಗೆದ ಪಡುವಣ ಕಿಟಕಿಯಿಂದ ಇಳಿಬಿಸಿಲು ಅಡ್ಡಡ್ಡವಾಗಿ ಕೆಂಪು ಗೋಡೆಯ ಮೇಲೆ ಬಿದ್ದಿತ್ತು. ಬೆಳಗಿನ ಬೆಳಕಿಗೆ ನುಣ್ಣಗೆ ಕಂಡಿದ್ದ ಗೋಡೆ ಈಗ ಸಿಡುಬೆದ್ದ ಮುಖದ ಹಾಗಿತ್ತು. ಒಂದೊಂದು ಉಬ್ಬಿಗೂ ಒಂದೊಂದು ನೆರಳು, ಒಂದೊಂದು ತಗ್ಗಿಗೂ ಒಂದೊಂದು ಹೊಳಪು. ಮುಷ್ಟಿಯಗಲದವು, ತಟ್ಟೆಯಗಲದವು, ಉದ್ದ ಗೀರಿನವು. ಇಷ್ಟು ವರ್ಷ ಮೆತ್ತಿದ ಪುಟ್ಟಿಯೆಲ್ಲ ಎದ್ದು ಬಂದು ನಿಂತಿತ್ತು. ಕೆನೆಬಣ್ಣದ ಮಂಕು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಈ ಹೊಳೆಯುವ ಕೆಂಪು ಒಂದನ್ನೂ ಬಿಡದೆ ಕಾರಿಕೊಂಡಿತ್ತು. ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಹಣೆ ಚಚ್ಚಿಕೊಂಡಳು. ಹೊಳೆಯುವ ಬಣ್ಣಕ್ಕೆ ಗೋಡೆ ಸಪಾಟಾಗಿರಬೇಕು ಎಂದು ಗಿರಾಕಿಗಳಿಗೆ ದಿನಾ ಹೇಳುವವಳೇ ಅವಳು. ತನ್ನ ಮನೆಯ ಗೋಡೆ ಸಪಾಟಿಲ್ಲ ಎಂಬುದು ಹೊಳೆದಿರಲೇ ಇಲ್ಲ.

"ಇದೇನ್ರೀ ಇದು?" ಬೇಕರಿಯವನು ಹತ್ತಿರ ಹೋಗಿ ಹೆಬ್ಬೆರಳಿಂದ ಒತ್ತಿದ. "ತೇವ. ಗೋಡೆ ಉಬ್ಬಿದೆ. ಹಿಟ್ಟಿನ ಮೂಟೆ ಇಡೋನಿಗೆ ತೇವದ ಮನೆ ಕೊಡ್ತೀರಾ?"

"ಆಯ್ತಾಯ್ತು, ತೇವ ಎಲ್ಲಿ ಸ್ವಾಮಿ, ಅದು ಡಿಸೈನು!" ಎಂದ ದಲ್ಲಾಳಿ.

"ತೇವಾನೇ," ಎಂದ ಮೇಸ್ತ್ರಿ ಬಾಗಿಲಿಂದ. ಕಿವಿಯ ಕಡ್ಡಿ ತೆಗೆದು ನೋಡಿ ಬಿಸಾಕಿದ. "ನಾನ್ಯಾಕೆ ಸುಳ್ಳು ಹೇಳ್ಲಿ? ಮಳೆ ಬಂದ್ರೆ ಗೋಡೆ ಬೆವರತ್ತೆ. ಹೆಂಗಸ್ರು ಬಣ್ಣ ಬಳಿದು ಮುಚ್ಚಿದ್ದಾರೆ." ಹೇಳಿ ಹೆಂಡತಿಯ ಕಡೆ ನೋಡಿ ನಕ್ಕ. ಬೀದಿಯವರಿಗೆ ತೋರಿಸುವ ನಗು.

ಬೇಕರಿಯವಳು ಚೀಲವನ್ನು ಹೆಗಲಿಗೇರಿಸಿಕೊಂಡಳು. ಅವಳು ಬಾಗಿಲ ಕಡೆ ತಿರುಗುತ್ತಿದ್ದ ಹಾಗೆ ಸೊಸೆಯ ಎರಡು ಕೋಣೆಯೂ, ಕಿಟಕಿಯ ಪಕ್ಕದ ಯಂತ್ರವೂ ಅವಳ ಹಿಂದೆಯೇ ಹೊರಟು ನಿಂತವು.

"ತೇವ ಅಲ್ಲ," ಎಂದಳು ಸೊಸೆ.

"ಲೇ," ಎಂದ ಮೇಸ್ತ್ರಿ.

"ತೇವ ಅಲ್ಲ. ಗೋಡೆ ಒಣಗಿದೆ. ಇದೆಲ್ಲ ಇವರ ಕೈ."

ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಗೋಡೆಯ ಹತ್ತಿರ ಹೋಗಿ ಪಟ್ಟಿ ಕಟ್ಟಿದ ಬೆರಳಿಂದಲೇ ತೋರಿಸಿದಳು. "ಇದು ತಂಗಿ ಮದುವೆಗೆ ಹೋಗ್ತೀನಿ ಅಂದಿದ್ದಕ್ಕೆ. ಇದು ಇವಳು ಹೆಣ್ಣಾಗಿ ಹುಟ್ಟಿದ್ದಕ್ಕೆ. ಈ ಉದ್ದದ್ದು ಇಸ್ತ್ರಿಪೆಟ್ಟಿಗೆ, ನಾನು ಬಗ್ಗಿದೆ, ಗೋಡೆಗೆ ಬಿತ್ತು. ಇದು ಕುಕ್ಕರ್ ಮುಚ್ಚಳ. ನೋಡಿ, ಬೆರಳು ಇನ್ನೂ ಮಡಚಕ್ಕಾಗಲ್ಲ. ಎಲ್ಲಾದಕ್ಕೂ ನಾವೇ ಪುಟ್ಟಿ ಹಾಕಿದ್ದು. ನೀರು ಒಂದು ಹನಿ ಇಲ್ಲ."

ಬೇಕರಿಯವಳು ನಿಧಾನವಾಗಿ ಬಂದು ಒಂದು ತಗ್ಗಿನ ಮೇಲೆ ತನ್ನ ಮುಷ್ಟಿ ಇಟ್ಟು ನೋಡಿದಳು. ಆಮೇಲೆ ಕೆಳಗೆ ಬಗ್ಗಿದಳು.

"ಇವೂನಾ? ಈ ಕೆಳಗಿನ ಸಾಲು?"

ಸೊಸೆ ನೋಡಿದಳು. ಅವಳ ಭುಜದ ಎತ್ತರಕ್ಕೆ ಇನ್ನೊಂದು ಸಾಲು ಗುರುತುಗಳಿದ್ದವು. ಹಳೆಯವು, ಅಂಚು ಸವೆದವು. ಅವುಗಳಲ್ಲಿ ಒಂದೂ ಅವಳಿಗೆ ನೆನಪಿಲ್ಲ.

"ಇವು... ಗೊತ್ತಿಲ್ಲ. ಇಲ್ಲೆಲ್ಲ ನಾನು ಪುಟ್ಟಿ ಕಲಸಿಲ್ಲ."

"ಅವು ನನ್ನವು," ಎಂದಳು ಅತ್ತೆ.

ಮುದುಕಿ ಮೂಲೆಯ ಕುರ್ಚಿಯಿಂದ ಎದ್ದು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕೆಳಗಿನ ಸಾಲಿನ ಗುರುತುಗಳು ಸರಿಯಾಗಿ ಅವಳ ಎರಡು ಕಿವಿಗಳ ಪಕ್ಕಕ್ಕೆ ಬಂದವು. ಎಲ್ಲರೂ ನೋಡಿದರು. ಆಮೇಲೆ ಯಾರಿಗೂ ಏನನ್ನೂ ಬಿಡಿಸಿ ಹೇಳುವ ಅಗತ್ಯ ಉಳಿಯಲಿಲ್ಲ.

"ಹೀಗೇ ನಿಲ್ಲಿಸ್ತಿದ್ದ ಇವನಪ್ಪ. ಅಲ್ಲಾಡಿದ್ರೆ ಮುಖಕ್ಕೆ." ಅವಳು ಸೊಸೆಯ ಕಡೆ ತಿರುಗಿದಳು. "ಹಸುವಿನಂಥ ಮನುಷ್ಯ ಅಂತಿದ್ದೆನಲ್ಲ, ಸುಳ್ಳು ಕಣಮ್ಮಾ. ಸತ್ತವನ ಮರ್ಯಾದೆ ಕಾಯೋದಕ್ಕೆ ಹೋಗಿ ಎಲ್ಲಾ ನಿನ್ನ ತಲೆಗೆ ಕಟ್ಟಿದೆ." ಆಮೇಲೆ ಮಗನಿಗೆ ಹೇಳಿದಳು: "ನೀನು ಆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಬೆಳಿಗ್ಗೆ ನನಗೆ ಪುಟ್ಟಿ ಕಲಸಿ ಕೊಡ್ತಿದ್ದವನೇ ನೀನು. ಅದೇ ನೆಗ್ಗಿದ ಬಟ್ಟಲು ಕಣೋ. ಮರೆತುಹೋಯ್ತಾ?"

"ಬಾಯ್ಮುಚ್ಚು ಮುದುಕೀ!"

ಮೇಸ್ತ್ರಿ ನುಗ್ಗಿದ. ಅಡ್ಡವಿದ್ದ ಸಣ್ಣ ಮೇಜು ಅವನ ಮೊಣಕಾಲಿಗೆ ಸಿಕ್ಕಿ ಉರುಳಿತು. ಹೂದಾನಿ ಚೂರುಚೂರು, ಚಹಾ ಆಯ್ತಾಯ್ತುವಿನ ಪ್ಯಾಂಟಿನ ಮೇಲೆ. ಅವನು ತಾಯಿಯನ್ನು ಹಿಡಿಯಲು ಹೋದನೋ ಹೆಂಡತಿಯನ್ನೋ, ಅವನಿಗೇ ಗೊತ್ತಿತ್ತೋ ಇಲ್ಲವೋ. ಸೊಸೆ ಅತ್ತೆಯನ್ನು ಪಕ್ಕಕ್ಕೆ ತಳ್ಳಿ ಎದುರಿಗೆ ನಿಂತಳು. ಅವನ ಎಡಗೈ ಅವಳ ಕುತ್ತಿಗೆಗೆ ಬಿತ್ತು, ಬಲಗೈ ಹಿಂದಕ್ಕೆ ಹೋಯಿತು. ಇಷ್ಟು ವರ್ಷ ಅವಳು ಈ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತಿದ್ದಳು. ಇವತ್ತು ಮುಚ್ಚಲಿಲ್ಲ. ಹಲ್ಲು ಕಚ್ಚಿ ಮೈಯನ್ನೆಲ್ಲ ಒಂದು ಪಕ್ಕಕ್ಕೆ ಎಸೆದಳು.

ಮುಷ್ಟಿ ಗೋಡೆಗೆ ಹೋಯಿತು. ಪುಟ್ಟಿ, ಗಾರೆ ಎಲ್ಲ ದಾಟಿ ಒಳಗಿನ ಮರದ ಪಟ್ಟಿಗೆ ಬಡಿಯಿತು. ಲಟಕ್ ಎಂದದ್ದು ಮರವಲ್ಲ ಎಂದು ಎಲ್ಲರಿಗೂ ತಿಳಿಯಿತು. ಅವನು ಕೂಗಿ ಕೈ ಎಳೆದುಕೊಂಡ. ಬೆರಳ ಗೆಣ್ಣುಗಳಿಂದ ರಕ್ತ ಇಳಿಯುತ್ತಿತ್ತು. ಅದೇ ಕೈಯಿಂದ ಮತ್ತೆ ಹೊಡೆಯಲು ಬಂದ. ಮಗಳು ಬಣ್ಣದ ರೋಲರಿನ ಉದ್ದ ಕೋಲು ತಂದು ಅವನ ಕಾಲಿಗೆ ಬೀಸಿದಳು. ಒಮ್ಮೆ, ಮತ್ತೊಮ್ಮೆ. ಅಳುತ್ತಲೇ ಬೀಸಿದಳು. ಅವನು ಮುಗ್ಗರಿಸಿದ. ಅಷ್ಟರಲ್ಲಿ ಬೇಕರಿಯವನಿಗೆ ಮೈ ತಿಳಿಯಿತು. ದಿನವೂ ಮೂಟೆಗಟ್ಟಲೆ ಹಿಟ್ಟು ನಾದುವ ಕೈ ಅವನದು. ಹಿಂದಿನಿಂದ ಮೇಸ್ತ್ರಿಯ ಎರಡೂ ತೋಳು ಸೇರಿಸಿ ಹಿಡಿದು ನೆಲಕ್ಕೆ ಕೆಡವಿ, ಬೆನ್ನ ಮೇಲೆ ಕೂತುಬಿಟ್ಟ. ಆಯ್ತಾಯ್ತು ಒಂದೇ ಚಪ್ಪಲಿಯಲ್ಲಿ ಬೀದಿಗೆ ಓಡಿ, "ಹೊಡೀತಾವ್ರೆ, ಹೊಡೀತಾವ್ರೆ," ಎಂದು ಊರು ಸೇರಿಸುತ್ತಿದ್ದ.

ಗೋಡೆಯ ಹೊಸ ತೂತಿನಿಂದ ಪುಡಿ ಇನ್ನೂ ಸಣ್ಣಗೆ ಉದುರುತ್ತಿತ್ತು. ಬೇಕರಿಯವಳು ಬಗ್ಗಿ ಒಂದು ಚಿಟಿಕೆ ಎತ್ತಿಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ರೀ, ಒಣಗಿದೆ," ಎಂದಳು ಮೇಸ್ತ್ರಿಯ ಮೇಲೆ ಕೂತಿದ್ದ ಗಂಡನಿಗೆ. "ತೇವ ಇಲ್ಲ."

"ನಿನಗೆ ಈಗ ಅದೇನಾ?"

"ಹೇಗೂ ಈ ಗೋಡೆ ಒಡೆಸ್ಬೇಕು ಅಂತಿದ್ದೆವಲ್ಲ, ಒಲೆಗೆ ಜಾಗ ಬೇಕು ಅಂತ." ಆಮೇಲೆ ಸೊಸೆಯ ಹತ್ತಿರ ಬಂದು ಅವಳ ಕುತ್ತಿಗೆಯ ಮೇಲೆದ್ದಿದ್ದ ಬೆರಳಚ್ಚು ನೋಡಿ, ನೆಲದಲ್ಲಿ ಬಿದ್ದಿದ್ದ ಅವಳ ಹೇರ್‌ಪಿನ್ ಎತ್ತಿಕೊಟ್ಟಳು. "ಮನೆ ನಾವು ತಗೋತೀವಿ ಕಣಮ್ಮಾ."

ಕೆಳಗೆ ಕೆನ್ನೆ ನೆಲಕ್ಕೊತ್ತಿದ್ದ ಮೇಸ್ತ್ರಿ, "ಅಮ್ಮಾ, ಕೈ," ಎಂದ. ಸೊಸೆಯ ಕಾಲು ಅಭ್ಯಾಸಬಲದಿಂದ ನೀರು ತರಲು ಅಡುಗೆಮನೆಯ ಕಡೆ ಹೆಜ್ಜೆಯಿಟ್ಟಿತು. ಮಗಳು ಅವಳ ಮೊಣಕೈ ಹಿಡಿದು ನಿಲ್ಲಿಸಿದಳು.

ಮಾರನೆಯ ಬೆಳಿಗ್ಗೆ ಸೊಸೆ ಎದ್ದು ಬಂದಾಗ ಅತ್ತೆ ಪುಟ್ಟಿಯ ಡಬ್ಬ ಮುಂದಿಟ್ಟುಕೊಂಡು ನೆಗ್ಗಿದ ಬಟ್ಟಲಲ್ಲಿ ಕಲಸುತ್ತ ಕೂತಿದ್ದಳು. ತಾನೇನು ಮಾಡುತ್ತಿದ್ದೇನೆ ಎಂಬುದೇ ಅವಳ ಗಮನದಲ್ಲಿರಲಿಲ್ಲ.

"ಇದೊಂದು ಬಿಡಿ ಅತ್ತೆ," ಎಂದಳು ಸೊಸೆ.

ಅತ್ತೆ ಗೋಡೆ ನೋಡಿದಳು, ಬಟ್ಟಲು ನೋಡಿದಳು. ಎದ್ದು ಹೋಗಿ ಪುಟ್ಟಿಯನ್ನು ಹಿತ್ತಲಿಗೆ ಸುರಿದು ಬಂದಳು.

ಆ ಸಂಜೆ ಸೇರಿದ ಜನ ಹೊರಗೆ ಕರೆದೊಯ್ದಿದ್ದ ಮೇಸ್ತ್ರಿ, ಕೈಗೆ ಪಟ್ಟಿ ಹಾಕಿಸಿಕೊಂಡು ಬಾಡಿಗೆಯ ಅಂಗಡಿಯಲ್ಲೇ ಮಲಗತೊಡಗಿದ. ಒಂದು ದಿನ ಬಂದು ಗೇಟು ಒದ್ದು, ಬಾಯಿಗೆ ಬಂದದ್ದು ಬೈದ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅಕ್ಕಪಕ್ಕದವರು ಕಿಟಕಿ ಮುಚ್ಚುತ್ತಿದ್ದರು. ಈಗ ಒಂದೊಂದಾಗಿ ತೆರೆದುಕೊಂಡವು. ಎಲ್ಲರಿಗೂ ಚಹಾ ಕುಡಿಸಿದ್ದ ಮೇಸ್ತ್ರಿ ಆ ಮುಖಗಳನ್ನು ನೋಡಿ ತಲೆತಗ್ಗಿಸಿಕೊಂಡು ಹೋದ. ಮಾರಾಟವಾದ ದಿನ ಅತ್ತೆ ಅವನ ಪಾಲನ್ನು ಅವನ ಎಡಗೈಗೆ ಕೊಟ್ಟಳು.

"ಇದು ನಿನ್ನದು, ತಗೋ. ಆ ಇನ್ನೊಂದು ಕೈ ಮಾತ್ರ ನಮ್ಮ ಮನೆ ಕಡೆ ತರಬೇಡ."

ಅವನು ಏನೋ ಹೇಳಲು ಹೋದ. ಅವಳು ಕೇಳಲು ನಿಲ್ಲಲಿಲ್ಲ. ದಾರಿಯಲ್ಲಿ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು. ಹೆತ್ತ ಹೊಟ್ಟೆಯಲ್ಲವೇ. ಸೊಸೆ ಅವಳ ಕೈ ಹಿಡಿದುಕೊಂಡು ನಡೆದಳು.

ಎರಡು ಕೋಣೆಯ ಮನೆ ನಿಜಕ್ಕೂ ಸಣ್ಣದು. ಮೂವರು ಒಟ್ಟಿಗೆ ಎದ್ದರೆ ಒಬ್ಬರು ಕೂರಬೇಕು. ಯಂತ್ರ ಕಿಟಕಿಯ ಪಕ್ಕಕ್ಕೆ ಬಂತು. ಸೊಸೆಯ ನಡುಬೆರಳು ಪೂರ್ತಿ ಮಡಚುವುದಿಲ್ಲ, ಕಾಲರ್ ಹೊಲಿಯಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ. ಒಂದು ಮಧ್ಯಾಹ್ನ ಗಾಳಿಗೆ ಬಾಗಿಲು ದಡಾರನೆ ಬಡಿದಾಗ ಮೂವರೂ ತಟಕ್ಕನೆ ಎದ್ದು ನಿಂತರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಕೂತರು. ಅಂದು ಬೇಳೆಗೆ ಉಪ್ಪು ಕಡಿಮೆಯಾಗಿತ್ತು. ಅತ್ತೆ ಡಬ್ಬಿ ಎಳೆದುಕೊಂಡು ಒಂದು ಚಿಟಿಕೆ ಹಾಕಿಕೊಂಡಳು.

ಊ‌ಟವಾದ ಮೇಲೆ ಮಗಳು ಅಂಗಡಿಯಿಂದ ತಂದ ಬಣ್ಣದ ಚೀಟಿಗಳನ್ನು ಹರಡಿದಳು. "ಇಲ್ಲಿ ಯಾವುದು ಹಾಕೋಣ? ಕೆನೆ? ತಿಳಿಹಸಿರು?"

"ಆ ದಾಳಿಂಬೆ ಕೆಂಪೇ ಹಾಕು," ಎಂದಳು ಅಜ್ಜಿ. "ಹೊಳೆಯೋದು."

"ಅಯ್ಯೋ ಅಜ್ಜಿ, ಅದು ಪಾಪಿ ಬಣ್ಣ. ಒಂದು ಗೀರು ಬಿದ್ರೂ ಸಂಜೆ ಹೊತ್ತಿಗೆ ಕಾಣತ್ತೆ."

"ಕಾಣಲಿ ಅಂತಾನೇ. ನಾಳೆ ನಿನ್ನ ಗಂಡ ಅಂತ ಒಬ್ಬ ಬರ್ತಾನಲ್ಲ, ನಗುನಗ್ತಾ. ಅವನು ಬಂದುಹೋದ ದಿನ ನಾನು ಆ ಬಿಸಿಲಲ್ಲಿ ಕುರ್ಚಿ ಹಾಕ್ಕೊಂಡು ಗೋಡೆ ನೋಡ್ತೀನಿ."

ಸೊಸೆ ಯಂತ್ರ ನಿಲ್ಲಿಸಿ, ಹಲ್ಲಿನಿಂದ ದಾರ ಕಡಿದು, ತನ್ನ ಕುರ್ಚಿಯನ್ನೂ ಕಿಟಕಿಯ ಕಡೆಗೆ ಒಂದಿಷ್ಟು ತಿರುಗಿಸಿಟ್ಟಳು.